ದನಿಗಳ್ಳ

ಶಿಶುವಿಹಾರದವರು ಕಳಿಸಿದ ಹಾಳೆಯಲ್ಲಿ ಇಪ್ಪತ್ತನಾಲ್ಕು ಪ್ರಶ್ನೆಗಳಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ ‘ಪೋಷಕರ ಕಣ್ಣಲ್ಲಿ ಮಗುವಿನ ಸ್ವಭಾವ’ ಎಂದು ಅಚ್ಚಾಗಿತ್ತು. ಪ್ರತಿ ಪ್ರಶ್ನೆಯ ಮುಂದೆ ಮೂರು ಚೌಕಗಳು: ಇಲ್ಲ, ಕೆಲವೊಮ್ಮೆ, ಯಾವಾಗಲೂ. ಯಾವುದಾದರೂ ಒಂದಕ್ಕೆ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಸೋಮವಾರ ತಂದುಕೊಡಿ ಎಂದಿದ್ದರು ಟೀಚರ್.

ಇಂಥ ಹಾಳೆ ತುಂಬುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಹದಿನಾರು ವರ್ಷದಿಂದ ಅವನು ಲಿಫ್ಟ್ ಮೆಕ್ಯಾನಿಕ್. ವಾರಕ್ಕೆ ಹತ್ತು ಕಟ್ಟಡ, ಹತ್ತು ತಪಾಸಣೆ, ಹತ್ತು ಹಾಳೆ. ರೋಪು ಸರಿಯಿದೆಯೇ, ಬ್ರೇಕು ಹಿಡಿಯುತ್ತದೆಯೇ, ಬಾಗಿಲು ಪೂರ್ತಿ ಮುಚ್ಚುತ್ತದೆಯೇ, ಗಂಟೆ ಹೊಡೆಯುತ್ತದೆಯೇ. ಲಿಫ್ಟಿನ ಸ್ವಭಾವ ಬರೆದವನಿಗೆ ಮಗಳ ಸ್ವಭಾವ ಬರೆಯುವುದು ಯಾವ ಮಹಾ ಎಂದುಕೊಂಡು, ಕಿವಿಯ ಮೇಲಿದ್ದ ಪೆನ್ನು ತೆಗೆದು ಊಟದ ಮೇಜಿಗೆ ಕೂತ.

ಮೂರನೇ ಪ್ರಶ್ನೆ: ಕರೆದಾಗ ಬರುತ್ತದೆಯೇ? ಯಾವಾಗಲೂ. ನಾಲ್ಕನೆಯದು: ಹೊಸಬರೊಡನೆ ಬೆರೆಯುತ್ತದೆಯೇ? ಯಾವಾಗಲೂ. ಇಲ್ಲಿಯವರೆಗೆ ಅವನ ಮುಖದಲ್ಲಿ ನಗುವಿತ್ತು. ಏಳರಿಂದ ಮುಂದೆ ಭಯದ ಪ್ರಶ್ನೆಗಳು ಶುರುವಾದವು. ಕತ್ತಲೆಗೆ ಹೆದರುತ್ತದೆಯೇ? ಇಲ್ಲ. ಎತ್ತರಕ್ಕೆ? ಇಲ್ಲ. ಜೋರು ಸದ್ದಿಗೆ? ಇಲ್ಲ. ಪ್ರಾಣಿಗಳಿಗೆ? ಇಲ್ಲ. ಒಂಟಿಯಾಗಿ ಬಿಟ್ಟರೆ? ಇಲ್ಲ. ಐದು ಗುರುತುಗಳು ಒಂದೇ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ನಿಂತವು. ಅವನ ಪೆನ್ನು ನಿಂತುಹೋಯಿತು. ತಪಾಸಣೆಯ ಹಾಳೆಯಲ್ಲಿ ಹೀಗೆ ಐದು ‘ಇಲ್ಲ’ ಬಂದರೆ ಅವನು ಮುಂದಿನ ಪ್ರಶ್ನೆಗೆ ಹೋಗುವುದೇ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಬಾಗಿಲಿಗೆ ಫಲಕ ನೇತುಹಾಕಿ ಬರುತ್ತಾನೆ. ಮಗಳಿಗೆ ಎಲ್ಲಿ ಫಲಕ ನೇತುಹಾಕುವುದು?

ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಇಟ್ಟ ಹೆಸರು ಬೇರೆ, ಮನೆಯಲ್ಲಿ ಎಲ್ಲರೂ ಕರೆಯುವುದು ಮಿಡತೆ ಎಂದು. ಈ ಕ್ಷಣ ಇಲ್ಲಿದ್ದವಳು ಮರುಕ್ಷಣ ಕಪಾಟಿನ ಮೇಲೆ. ಮೂರನೇ ಮಹಡಿಯ ಬಾಲ್ಕನಿಯ ಸರಳುಗಳ ನಡುವೆ ಮುಖ ತೂರಿಸಿ, ಕೆಳಗೆ ಹೋಗುವ ಬಸ್ಸುಗಳ ನೆತ್ತಿ ನೋಡಿ ಕಿಲಕಿಲ ನಗುತ್ತಾಳೆ. ನೋಡಿದವರೆಲ್ಲ ‘ಎಷ್ಟು ಧೈರ್ಯದ ಮಗು’ ಎಂದು ಗಲ್ಲ ಹಿಂಡುತ್ತಾರೆ. ಅವನು ಮಾತ್ರ ಆ ನಗು ಕೇಳಿದಾಗಲೆಲ್ಲ ಓಡಿಬಂದು ಅವಳನ್ನು ಒಳಗೆ ಎಳೆದುಕೊಳ್ಳುತ್ತಾನೆ. ಆ ನಗುವನ್ನು ಅವನು ಹಿಂದೊಮ್ಮೆ ಕೇಳಿದ್ದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಜೊತೆಗೊಬ್ಬನಿದ್ದ. ಕಪಿರಾಯ ಎಂದು ಎಲ್ಲರೂ ರೇಗಿಸುತ್ತಿದ್ದರು. ಏಳನೇ ಮಹಡಿಯಿಂದ, ಲಿಫ್ಟ್ ಏರಿಳಿಯುವ ಬಾವಿಯಂಥ ಶಾಫ್ಟಿನೊಳಗೆ ಬಗ್ಗಿ ನೋಡಿ ಹೀಗೇ ನಗುತ್ತಿದ್ದ. ಲಿಫ್ಟಿನ ಕೆಲಸಕ್ಕೆ ಒಂದು ಪದ್ಧತಿಯಿದೆ. ಯಾರೇ ಆಗಲಿ, ಲಿಫ್ಟ್ ಅಲುಗಿಸುವ ಮುಂಚೆ ಶಾಫ್ಟಿನೊಳಗೆ ಮೂರು ಸಲ ಕೂಗಬೇಕು; ಒಳಗಿದ್ದವರು ಕೇಳಿದ ಮಾತನ್ನು ಹಾಗೇ ತಿರುಗಿ ಕೂಗಬೇಕು. ಉತ್ತರ ಬಂದರೆ ಒಳಗೆ ಜೀವವಿದೆ, ಕೈ ತೆಗೆ. ಉತ್ತರ ಬಾರದಿದ್ದರೆ ಶಾಫ್ಟ್ ಖಾಲಿ, ಲಿಫ್ಟ್ ಬಿಡು. ಕಪಿರಾಯನಿಗೆ ಈ ಕೂಗಾಟ ಹೆದರುಪುಕ್ಕಲರ ಕೆಲಸವಾಗಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ಮೇಲಿನವರ ಕೂಗಿಗೆ ಉತ್ತರ ಕೊಡುವುದು ಬಿಟ್ಟು ಒಳಗೆ ಜಿಗಿದ. ಖಾಲಿಯೆಂದುಕೊಂಡು ಅವರು ಲಿಫ್ಟ್ ಬಿಟ್ಟರು. ಅವನನ್ನು ಹೊರಗೆ ತೆಗೆದವರಲ್ಲಿ ಇವನೂ ಒಬ್ಬ. ಭಯವಿಲ್ಲದವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆಂಬುದು ಆವತ್ತು ಅವನ ತಲೆಯಲ್ಲಿ ಕೂತದ್ದು, ಇನ್ನೂ ಎದ್ದಿಲ್ಲ.

ಹೋದ ಮಂಗಳವಾರ ನಡೆದದ್ದು ಅದಕ್ಕೆ ಸರಿಯಾಗಿತ್ತು. ಅಂಗಡಿ ಬೀದಿಯಲ್ಲಿ ಬಲ್ಬು ಕೊಳ್ಳಲು ಮಗಳ ಬೆರಳು ಬಿಟ್ಟದ್ದು ಅರ್ಧ ನಿಮಿಷ. ತಿರುಗಿದರೆ ಅವಳಿಲ್ಲ. ಓಡಿದ. ನಾಲ್ಕು ಅಂಗಡಿ ಆಚೆ ಯಾರೋ ಗೊತ್ತಿಲ್ಲದ ಹೆಂಗಸಿನ ಕೈ ಹಿಡಿದು, ಹಳೇ ನೆಂಟರ ಹಾಗೆ ಹರಟುತ್ತ ಹೋಗುತ್ತಿದ್ದಳು. ಪಾಪ, ಆಕೆ ಒಳ್ಳೆಯವಳೇ. ‘ನಿಮ್ಮನ್ನೇ ಹುಡುಕ್ತಾ ಇದ್ದೆ’ ಎಂದು ಒಪ್ಪಿಸಿ ಹೋದಳು.

“ಯಾಕೆ ಹೋದೆ?” ಎಂದು ಕೇಳಿದ.

“ಬಾ ಅಂದ್ರು, ಹೋದೆ” ಎಂದಳು ಮಿಡತೆ.

“ಯಾರು ಬಾ ಅಂದ್ರೂ ಹೋಗ್ತೀಯಾ?”

“ಹೂಂ. ಬಾ ಅಂದ್ರೆ ಬರ್ಬೇಕಲ್ವಾ?”

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ದಿನಕ್ಕೆ ಮೂವತ್ತು ಜನರ ನೋವು ನೋಡಿ ಬರುವವಳಿಗೆ ಗಂಡನ ಗಾಬರಿ ಅಷ್ಟು ದೊಡ್ಡದಾಗಿ ಕಾಣಲಿಲ್ಲ. “ನಾಲ್ಕು ವರ್ಷದ ಮಗು ರೀ. ಎಲ್ಲರನ್ನೂ ನಂಬುತ್ತೆ. ನಿಧಾನವಾಗಿ ಹೇಳಿಕೊಟ್ರೆ ಕಲಿಯುತ್ತೆ. ನೀವು ಅವಳಲ್ಲೂ ರಿಪೇರಿ ಹುಡುಕ್ಬೇಡಿ” ಎಂದಳು.

ನಿಧಾನ ಎಂಬ ಮಾತನ್ನೇ ಅವನಿಗೆ ಸಹಿಸಲಾಗಲಿಲ್ಲ. ಕಪಿರಾಯನಿಗೂ ಎಲ್ಲರೂ ನಿಧಾನವಾಗಿಯೇ ಹೇಳುತ್ತಿದ್ದರು.

ಗುರುವಾರ ಸಂಜೆ ಹೆಂಡತಿ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕಥೆ ಕಟ್ಟಿದ. ಜೀವಮಾನದಲ್ಲಿ ಒಂದು ಕಥೆ ಹೇಳಿದವನಲ್ಲ. ಆದರೆ ಹೆತ್ತವರಿಗೆ ಮಕ್ಕಳನ್ನು ಹೆದರಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅದು ತಾನಾಗಿಯೇ ಬಂದುಬಿಡುತ್ತದೆ.

“ಗೋಡೆಗಳ ಒಳಗೆ ಒಬ್ಬ ಇರ್ತಾನೆ. ದನಿಗಳ್ಳ ಅಂತ.”

“ಅವನು ಏನು ಕದೀತಾನೆ?”

“ದನಿ ಕದೀತಾನೆ. ಯಾರ ದನಿ ಬೇಕಾದ್ರೂ. ಅಮ್ಮನ ದನಿ, ಟೀಚರ್ ದನಿ. ಆಮೇಲೆ ಅದೇ ದನೀಲಿ ಮಕ್ಕಳನ್ನ ಕರೀತಾನೆ.”

“ಅವನಿಗೆ ಸ್ವಂತ ದನಿ ಇಲ್ವಾ?”

“ಇಲ್ಲ.”

“ಪಾಪ” ಎಂದಳು ಮಿಡತೆ. “ನಂದು ಕೊಡ್ಲಾ?”

ಅವನಿಗೆ ರೇಗಿಹೋಯಿತು. ಹೊಸ ಬ್ರೇಕು ಮೊದಲ ಸಲಕ್ಕೆ ಹಿಡಿಯುವುದಿಲ್ಲ. ಸ್ಕ್ರೂ ಒಂದು ಸುತ್ತು, ಇನ್ನೊಂದು ಸುತ್ತು ಬಿಗಿಯಬೇಕು. ಹಾಗೆಯೇ ಬಿಗಿಯುತ್ತ ಹೋದ. ದನಿಗಳ್ಳನಿಗೆ ಉದ್ದ ಕೈಗಳನ್ನು ಕೊಟ್ಟ. ಕಪ್ಪು ಹೊಟ್ಟೆ ಕೊಟ್ಟ. ಉತ್ತರ ಕೊಟ್ಟ ಮಕ್ಕಳನ್ನು ಆ ಹೊಟ್ಟೆಯೊಳಗೆ ಹಾಕಿಕೊಂಡು ಗೋಡೆಯೊಳಗೆ ಹೋಗಿಬಿಡುತ್ತಾನೆ, ಆಮೇಲೆ ಅಮ್ಮ ಎಷ್ಟು ಹುಡುಕಿದರೂ ಸಿಗುವುದಿಲ್ಲ ಎಂದ. ಅಮ್ಮನ ಹೆಸರು ಬಂದಾಗ ಮಿಡತೆಯ ಕಾಲಾಟ ನಿಂತಿತು. ಇನ್ನೊಂದು ಸುತ್ತು ಬಿಗಿದ.

“ಅವನಿಗೆ ಯಾರ ದನಿ ಅಂದ್ರೆ ತುಂಬಾ ಇಷ್ಟ ಗೊತ್ತಾ? ಅಪ್ಪನ ದನಿ. ಥೇಟ್ ನನ್ನ ಹಾಗೇ ಕರೀತಾನೆ.”

ಅವಳ ಕಣ್ಣು ಅಗಲವಾದವು. ಅವನ ಕುತ್ತಿಗೆಗೆ ಕೈ ಹಾಕಿ, ಮುಖ ಹುದುಗಿಸಿಕೊಂಡಳು. ಪುಟ್ಟ ಎದೆ ಡವಡವ ಹೊಡೆದುಕೊಳ್ಳುವುದು ಅವನ ಅಂಗಿಗೆ ತಾಗಿತು.

“ಯಾರೂ ಕಾಣ್ದೆ ಬರೀ ದನಿ ಕೇಳಿದ್ರೆ ಏನ್ಮಾಡ್ತೀಯಾ?”

“ಸುಮ್ನಿರ್ತೀನಿ.”

“ಎಷ್ಟು ಸಲ ಕರೆದ್ರೂ?”

“ಎಷ್ಟು ಸಲ ಕರೆದ್ರೂ.”

ಅಬ್ಬಾ, ಅಂತೂ ಹಿಡಿಯಿತು ಎಂದುಕೊಂಡ. ಆವತ್ತು ಊಟವಾದ ಮೇಲೆ ಹಾಳೆ ತೆಗೆದು, ಕತ್ತಲೆಗೆ ಹೆದರುತ್ತದೆಯೇ ಎಂಬ ಏಳನೇ ಪ್ರಶ್ನೆಯ ‘ಇಲ್ಲ’ವನ್ನು ಕಾಟು ಹೊಡೆದು ‘ಕೆಲವೊಮ್ಮೆ’ಗೆ ಗುರುತು ಹಾಕಿದ. ಬಹಳ ದಿನಗಳ ಮೇಲೆ ಎದೆ ಹಗುರವಾದಂತಿತ್ತು. ಹೆಂಡತಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಏನೆನ್ನುತ್ತಾಳೆಂದು ಗೊತ್ತಿದ್ದದ್ದರಿಂದಲೇ ಹೇಳಲಿಲ್ಲ.

ಶನಿವಾರ ಶಿಶುವಿಹಾರಕ್ಕೆ ರಜೆ. ಹೆಂಡತಿಗೆ ಬೆಳಗಿನ ಡ್ಯೂಟಿ. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆಗೆ ಜ್ವರ. ಬೇರೆ ದಾರಿಯಿಲ್ಲದೆ ಅವನು ಮಿಡತೆಯನ್ನು ಕೆಲಸಕ್ಕೇ ಕರೆದುಕೊಂಡು ಹೋದ. ಐದು ಮಹಡಿಯ ಹಳೇ ಕಚೇರಿ ಕಟ್ಟಡ. ಶನಿವಾರವಾದ್ದರಿಂದ ಎಲ್ಲ ಬೀಗ. ಇದ್ದದ್ದು ಕಾವಲಿನ ಹೆಂಗಸು ಒಬ್ಬಳೇ; ಕೆಳಗಿನ ಹಜಾರದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಿಡತೆ ಹೋದ ಎರಡೇ ನಿಮಿಷಕ್ಕೆ ಆಕೆಯನ್ನು ಅಜ್ಜಿ ಮಾಡಿಕೊಂಡಳು.

“ಅಕ್ಕಾ, ಸ್ವಲ್ಪ ಕಣ್ಣಿಟ್ಟಿರಿ. ಇದು ಕಾಲಲ್ಲಿ ಚಕ್ರ ಕಟ್ಕೊಂಡು ಹುಟ್ಟಿರೋದು” ಎಂದ ಅವನು.

“ನಾಲ್ಕು ಮೊಮ್ಮಕ್ಕಳನ್ನ ಸಾಕಿದೀನಪ್ಪಾ, ನೀನು ನಿನ್ನ ಕೆಲಸ ನೋಡ್ಕೋ ಹೋಗು” ಎಂದಳು ಆಕೆ. ಮಿಡತೆ ಬಣ್ಣದ ಸೀಸದಕಡ್ಡಿ ಹರಡಿಕೊಂಡು ಕುರ್ಚಿಯಲ್ಲಿ ಕೂತಳು.

ಜೊತೆಗಾರ ಹಿರಿಯ ಮೆಕ್ಯಾನಿಕ್, ಅವನಿಗಿಂತ ಹದಿನೈದು ವರ್ಷ ದೊಡ್ಡವನು. ಇವನು ಅಣ್ಣ ಎನ್ನುತ್ತಿದ್ದ, ಮಿಡತೆ ದೊಡ್ಡಪ್ಪ ಎನ್ನುತ್ತಿದ್ದಳು. ಕೆಲಸ ಹಂಚಿಕೊಂಡರು. ಮಾಳಿಗೆಯ ಮೇಲಿನ ಮಷಿನ್ ರೂಮಿನಲ್ಲಿ ಬ್ರೇಕಿನ ಪಟ್ಟಿ ಬದಲಾಯಿಸುವುದು ಇವನಿಗೆ. ನೆಲಮಹಡಿಯ ಲಿಫ್ಟ್ ಬಾಗಿಲು ತೆರೆದು, ಅದರ ಕೆಳಗಿರುವ ಗುಂಡಿಗಿಳಿದು ಸೋರಿದ ಎಣ್ಣೆ ಒರೆಸುವುದು ಅಣ್ಣನಿಗೆ. ಲಿಫ್ಟಿನ ಡಬ್ಬ ನಾಲ್ಕನೇ ಮಹಡಿಯಲ್ಲಿ ನಿಂತಿತ್ತು. ಹಳೇ ಕಾಲದ ಲಿಫ್ಟು ಅದು. ಪೂರ್ತಿ ಕೆಳಗೆ ಬಂದು ನಿಂತರೆ ಗುಂಡಿಯಲ್ಲಿ ಉಳಿಯುವುದು ಒಂದು ಗೇಣು ಜಾಗ.

ಹನ್ನೊಂದರ ಹೊತ್ತಿಗೆ ಅಣ್ಣ ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ. ಗುಂಡಿ ಚೊಕ್ಕಟವಾಯಿತು, ಬಾಗಿಲು ಹಾಕಿ ಬಂದೆ ಎಂದ. ಇವನ ಬ್ರೇಕೂ ಮುಗಿದಿತ್ತು. ಇನ್ನು ಉಳಿದದ್ದು ಡಬ್ಬವನ್ನು ನಿಧಾನವಾಗಿ ಪೂರ್ತಿ ಕೆಳಗಿನವರೆಗೆ ಇಳಿಸಿ ನೋಡುವುದು. ಅದಕ್ಕೊಂದು ಬಟನ್ ಇದೆ. ಬೆರಳಿಟ್ಟು ಒತ್ತಿದಷ್ಟು ಹೊತ್ತು ಲಿಫ್ಟ್ ಇಳಿಯುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ.

ಪದ್ಧತಿ ಬಿಡುವವನಲ್ಲ ಅವನು. ರೋಪುಗಳು ಹಾದುಹೋಗುವ ಕಿಂಡಿಗೆ ಬಾಯಿಟ್ಟು ಕೂಗಿದ.

“ಕೆಳಗಡೆ ಯಾರಾದ್ರೂ ಇದೀರಾ? ಲಿಫ್ಟ್ ಬಿಡ್ತಾ ಇದೀನಿ!”

ಅವನದೇ ದನಿ ಗೋಡೆಗಳಿಗೆ ಬಡಿಯುತ್ತ ಕೆಳಗಿಳಿದು ಹೋಯಿತು. ಉತ್ತರವಿಲ್ಲ. ಎರಡನೇ ಸಲ ಕೂಗಿದ. ಉತ್ತರವಿಲ್ಲ. ಮೂರನೇ ಸಲ ಕೂಗಿ, ಕಿವಿಗೊಟ್ಟು, ಒಂದರಿಂದ ಹತ್ತರವರೆಗೆ ಎಣಿಸಿದ. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಬಟನ್ ಒತ್ತಿದ.

ಮೋಟಾರು ಗುರ್ ಎಂದಿತು. ಡಬ್ಬ ಮೂರನೇ ಮಹಡಿ ದಾಟಿತು. ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಲಿಫ್ಟ್ ಓಡುವಾಗ ಫೋನು ಮುಟ್ಟಬಾರದೆಂಬುದೂ ಪದ್ಧತಿಯೇ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನು ಸುಮ್ಮನಾಯಿತು. ಡಬ್ಬ ಎರಡನೇ ಮಹಡಿ ದಾಟಿತು. ಮತ್ತೆ ಫೋನು. ಬೆರಳು ಬಟನ್ ಮೇಲೆಯೇ ಇತ್ತು. ಮೂರನೇ ಸಲ ಹೊಡೆದಾಗ ಅಣ್ಣ, “ಎತ್ತೋ ಮಾರಾಯ, ಮನೇದಿರ್ಬಹುದು” ಎಂದ. ಅವನು ಗೊಣಗುತ್ತ ಬೆರಳು ತೆಗೆದು ಫೋನೆತ್ತಿದ.

ಕಾವಲಿನ ಹೆಂಗಸಿನ ದನಿ ನಡುಗುತ್ತಿತ್ತು. “ಮಗು ನಿಮ್ಹತ್ರ ಬಂತೇನಪ್ಪಾ? ಗೇಟಿಗೆ ಕೊರಿಯರ್‌ನವನು ಬಂದಿದ್ದ, ತಗೊಂಡು ಬರೋಷ್ಟರಲ್ಲಿ ಕುರ್ಚೀಲಿಲ್ಲ. ಆಗ್ಲಿಂದ ಹುಡುಕ್ತಾ ಇದೀನಿ…”

ಅವನ ಕಣ್ಣ ಮುಂದೆ ಬಂದದ್ದು ಬೀದಿ. ಯಾರೋ ಬಾ ಅಂದಿದ್ದಾರೆ, ಇವಳು ಹೋಗಿದ್ದಾಳೆ. ಐದು ಮಹಡಿಯ ಮೆಟ್ಟಿಲನ್ನು ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಗೇಟು ದಾಟಿ ಓಡಿದ. ಔಷಧಿ ಅಂಗಡಿಯವನನ್ನು ಕೇಳಿದ, ಚಹಾ ಅಂಗಡಿಯವನನ್ನು ಕೇಳಿದ, ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರನ್ನು ಕೇಳಿದ. ಇಷ್ಟೆತ್ತರ, ಹಳದಿ ಫ್ರಾಕು, ಎರಡು ಜುಟ್ಟು ಎಂದು ಕೈಯಲ್ಲಿ ಅಳತೆ ತೋರಿಸಿದ. ಯಾರೂ ನೋಡಿರಲಿಲ್ಲ. “ಮಿಡತೇ!” ಎಂದು ನಡುಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿದ. ದಾರಿಹೋಕರು ಹುಳುಹುಪ್ಪಟೆ ಕಂಡವರಂತೆ ಕಾಲಬುಡ ನೋಡಿಕೊಂಡರು. ಬೇರೆ ದಿನವಾಗಿದ್ದರೆ ಇದು ಮನೆಮಂದಿಯೆಲ್ಲ ನಗುವ ಸಂಗತಿ.

ಗೇಟಿನಿಂದ ಒಳಗೆ ವಾಪಸು ಬಂದಾಗ ಕಾವಲಿನ ಹೆಂಗಸು ಅಳುತ್ತಿದ್ದಳು. “ಗೇಟಲ್ಲಿ ನಾನೇ ನಿಂತಿದ್ದೆ, ನನ್ನನ್ನ ದಾಟಿ ಹೋಗಿಲ್ಲ. ದೇವರಾಣೆಗೂ ಹೋಗಿಲ್ಲ” ಎಂದಳು. ಹಾಗಿದ್ದರೆ ಒಳಗೇ ಇರಬೇಕು. ಅವನು ಹಜಾರದಲ್ಲಿ ಸುತ್ತ ಕಣ್ಣು ಹಾಯಿಸಿದ. ಲಿಫ್ಟಿನ ಬಾಗಿಲ ಮುಂದೆ ‘ಕೆಲಸ ನಡೆಯುತ್ತಿದೆ’ ಎಂಬ ಹಲಗೆ ನಿಂತಿತ್ತು. ಅದರ ಹಿಂದೆ, ಗೋಡೆಗೆ ತಾಗಿಸಿ, ಎರಡು ಪುಟ್ಟ ಚಪ್ಪಲಿ.

ಎರಡೂ ಜೋಡಿಯಾಗಿ ಒಪ್ಪವಾಗಿ ಇದ್ದವು. ಯಾವ ಕೋಣೆಗೆ ಹೋಗುವಾಗಲೂ ಚಪ್ಪಲಿ ಹೊರಗೆ ಬಿಟ್ಟು, ಜೋಡಿಸಿ ಇಡಬೇಕೆಂದು ಟೀಚರ್ ಹೇಳಿಕೊಟ್ಟಿದ್ದರು.

ಬಾಗಿಲ ಮೇಲಿನ ಕೆಂಪು ಅಂಕಿ ಒಂದನ್ನು ತೋರಿಸುತ್ತಿತ್ತು. ನಾಲ್ಕರಲ್ಲಿದ್ದ ಡಬ್ಬ ಒಂದಕ್ಕೆ ಬಂದು ನಿಂತಿತ್ತು. ಅದನ್ನು ಅಲ್ಲಿಗೆ ತಂದದ್ದು ಅವನದೇ ಬೆರಳು. ಇನ್ನೊಂದೇ ಮಹಡಿ ಇತ್ತು.

“ಅಣ್ಣಾ! ಮೇನ್ ಆಫ್ ಮಾಡಿ!” ಮೆಟ್ಟಿಲ ಬುಡದಿಂದ ಕೂಗಿದ ಕೂಗು ಅವನದೆಂದು ಅವನಿಗೇ ಅನಿಸಲಿಲ್ಲ.

“ಮೇನ್ ಆಫ್!” ಎಂದು ಮೇಲಿಂದ ಉತ್ತರ ಬಂತು. ಕೆಂಪು ಅಂಕಿ ಆರಿತು.

ಬಾಗಿಲಿಗೆ ಕಿವಿಯಿಟ್ಟ. “ಮಿಡತೇ! ಒಳಗಿದೀಯಾ? ಅಪ್ಪ ಕಣೇ. ಒಂದ್ಸಲ ಓ ಅನ್ನು!”

ಏನೂ ಇಲ್ಲ. ಡಬ್ಬ ಗುಂಡಿಯನ್ನು ಮುಟ್ಟಿಲ್ಲ, ಇದು ಅವನಿಗೆ ಗೊತ್ತಿತ್ತು. ಹಾಗಿದ್ದರೆ ಯಾಕೆ ಸದ್ದಿಲ್ಲ? ಬಿದ್ದಿದ್ದಾಳಾ? ತಲೆಗೆ ಪೆಟ್ಟಾಗಿದೆಯಾ? ಕಪಿರಾಯನ ಮುಖ ಕಣ್ಣಿಗೆ ಕಟ್ಟಿತು. ಬಾಗಿಲ ತೂತಿಗೆ ಕೀಲಿ ಹಾಕಲು ಹೋದರೆ ಅದು ಜಾರಿ ಕೆಳಗೆ ಬಿತ್ತು. “ಓ ಅನ್ನೇ, ನನ್ನ ಬಂಗಾರ, ಅಪ್ಪ ಕಣೇ” ಎಂದು ಮತ್ತೆ ಕೂಗಿದ. ಆಗ, ನೆಲದ ಮೇಲೆ ಕೀಲಿಗಾಗಿ ತಡಕಾಡುತ್ತಿರುವಾಗ, ಅವನಿಗೆ ಹೊಳೆಯಿತು.

ಅಪ್ಪನ ದನಿಗೇ ಉತ್ತರ ಕೊಡಬಾರದೆಂದು ಅವನು ಹೇಳಿಕೊಟ್ಟಿದ್ದ.

ಮೇಲಿನ ಕಿಂಡಿಯಿಂದ ಮೂರು ಸಲ ಕೂಗಿದ್ದು ನೆನಪಾಯಿತು. ಹತ್ತು ಎಣಿಸಿದ್ದು ನೆನಪಾಯಿತು. ಆ ಮೌನವನ್ನು ಕೇಳಿ, ಖಾಲಿ ಎಂದು ನಂಬಿ, ಬಟನ್ ಒತ್ತಿದ್ದು ನೆನಪಾಯಿತು. ಕೀಲಿ ಹೆಕ್ಕಿ ತೂತಿಗೆ ತೂರಿಸಿ, ಬಾಗಿಲು ತಳ್ಳಿದ.

ಟಾರ್ಚು ಬಿಟ್ಟ. ಮೇಲೆ, ಕೈಗೆಟುಕದ ಎತ್ತರದಲ್ಲಿ, ಡಬ್ಬದ ಕಪ್ಪು ತಳ. ಕೆಳಗೆ ಎಣ್ಣೆ ಒರೆಸಿದ ನೆಲ. ದಪ್ಪ ಸ್ಪ್ರಿಂಗಿನ ಹಿಂದಿನ ಮೂಲೆಯಲ್ಲಿ ಹಳದಿ ಫ್ರಾಕು. ಮಿಡತೆ ಮಂಡಿಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಎರಡೂ ಕೈಗಳಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಕಣ್ಣು ತೆರೆದಿದ್ದವು.

“ಪುಟ್ಟಾ” ಎಂದ. ಅವಳು ಇನ್ನಷ್ಟು ಮೂಲೆಗೆ ಸರಿದಳು.

ಅವನು ಬಾಯಿ ಮುಚ್ಚಿದ. ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದು, ಮಾತಿಲ್ಲದೆ ಒಳಗಿಳಿದ. ತಲೆಯ ಹೆಲ್ಮೆಟ್ ತೆಗೆದಿಟ್ಟ. ಟಾರ್ಚನ್ನು ತಿರುಗಿಸಿ ತನ್ನ ಮುಖಕ್ಕೆ ಬೆಳಕು ಬಿಟ್ಟುಕೊಂಡು, ಅವಳ ಎದುರಿಗೆ ನೆಲದ ಮೇಲೆ ಕೂತ. ಹದಿನಾರು ವರ್ಷ ಕೂಗಿ ಕೂಗಿ ಬದುಕಿದವನು, ಸ್ವಂತ ಮಗಳ ಮುಂದೆ ಮೂಕನಾಗಿ ಕೂತಿದ್ದ. ಎಷ್ಟೋ ಹೊತ್ತಿನ ಮೇಲೆ ಒಂದು ಪುಟ್ಟ ಕೈ ಬಾಯಿಯಿಂದ ಕೆಳಗಿಳಿಯಿತು. ಮುಂದೆ ಬಂದು ಅವನ ಮೂಗು ಮುಟ್ಟಿತು. ಗಲ್ಲದ ಮೇಲಿನ ಹಳೇ ಗಾಯದ ಗುರುತು ಮುಟ್ಟಿತು. ಆಮೇಲೆ ಅವಳು ಧೊಪ್ಪನೆ ಅವನ ಮೇಲೆ ಬಿದ್ದಳು.

“ಅಪ್ಪಾ, ದನಿಗಳ್ಳ ಬಂದಿದ್ದ” ಎಂದು ಕಿವಿಯಲ್ಲಿ ಪಿಸುಗುಟ್ಟಿದಳು.

ಅವನು ಅವಳ ಕೂದಲು ಸವರಿದ.

“ಏಣಿ ಇತ್ತು, ಅದಕ್ಕೆ ಇಳಿದೆ. ಆಮೇಲೆ ಬಾಗಿಲು ಮುಚ್ಚಿಬಿಡ್ತು. ಕತ್ತಲಾಯ್ತು. ನಂಗೆ ಭಯ ಆಗ್ಲಿಲ್ಲ. ಆಮೇಲೆ ಅವನು ಮೇಲಿಂದ ಕರೆದ. ಥೇಟ್ ನಿನ್ನ ದನೀಲೇ. ಮೂರು ಸಲ ಕರೆದ ಅಪ್ಪಾ. ನಾನು ಉಸಿರೂ ಬಿಡ್ಲಿಲ್ಲ.” ಹೇಳುತ್ತ ಹೇಳುತ್ತ ದನಿಯಲ್ಲಿ ಹೆಮ್ಮೆ ಬಂತು. “ಆಮೇಲೆ ಅವನು ಇಳಿದೇ ಬಂದ. ದೊಡ್ಡ ಕಪ್ಪು ಹೊಟ್ಟೆ. ಗುರ್ ಅಂತ ಮೇಲಿಂದ ಬಂದ, ಬಂದ, ಬಂದ. ಆಗ್ಲೂ ನಾನು ಕಿರುಚ್ಲಿಲ್ಲ. ನಾನು ಜಾಣೆ ಅಲ್ವಾ?”

ಅವನು ಅವಳನ್ನು ಅವುಚಿಕೊಂಡು ಗೊಳೋ ಎಂದು ಅತ್ತ. ಅವಳು ಅವನ ಬೆನ್ನು ತಟ್ಟಿದಳು. ಮೇಲೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಗುಂಡಿ ಒರೆಸಿ ಮುಗಿಸಿದ ಮೇಲೆ, ಚಿಂದಿಬಟ್ಟೆಯ ಬಕೆಟ್ಟು ಹಿತ್ತಲಲ್ಲಿ ಸುರಿದು ಬರಲು ಬಾಗಿಲಿಗೆ ಮರದ ತುಂಡು ಕೊಟ್ಟು ಹೋಗಿದ್ದ. ಬಂದವನೇ ಒಳಗೆ ಬಗ್ಗಿ ನೋಡದೆ ತುಂಡು ತೆಗೆದು ಬಾಗಿಲು ಮುಚ್ಚಿದ್ದ. “ನಂದು ತಪ್ಪು ಕಣೋ, ಒಂದ್ಸಲ ಇಣುಕಲಿಲ್ಲ” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. “ಆದ್ರೂ ನೀನು ಮೂರು ಸಲ ಕೂಗಿದ್ಯಲ್ಲೋ. ಮಗು ಯಾಕೆ ಓ ಅನ್ಲಿಲ್ಲ?”

ಇವನು ಮಗಳನ್ನು ಎತ್ತಿ ಅಣ್ಣನ ಕೈಗೆ ಕೊಟ್ಟ.

ಹೆಂಡತಿಗೆ ಮಾತ್ರ ಎಲ್ಲವನ್ನೂ ಹೇಳಿದ. ಸಂಜೆ ಅವಳು ಡ್ಯೂಟಿಯಿಂದ ಬಂದು ಚೀಲ ಇಳಿಸುವ ಮೊದಲೇ, ಬಾಗಿಲಲ್ಲೇ, ಒಂದನ್ನೂ ಮುಚ್ಚಿಡದೆ ಹೇಳಿದ. ಅವಳು ಬೈಯುತ್ತಾಳೆಂದುಕೊಂಡಿದ್ದ. ಅವಳು ಬೈಯಲಿಲ್ಲ. ಒಳಗೆ ಹೋಗಿ, ಆಡುತ್ತಿದ್ದ ಮಗಳ ತಲೆಯಿಂದ ಪಾದದವರೆಗೆ ಕೈಯಾಡಿಸಿ ನೋಡಿ ಬಂದಳು. ಆಮೇಲೆ, “ಹೋಗಿ, ಈಗ್ಲೇ ಹೇಳಿ. ಅದೆಲ್ಲ ಸುಳ್ಳು ಅಂತ ನಿಮ್ಮ ಬಾಯಿಂದಾನೇ ಹೇಳಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನು ಹೋಗಿ ಮಿಡತೆಯ ಪಕ್ಕ ಕೂತ. “ಪುಟ್ಟಾ, ದನಿಗಳ್ಳ ಅಂತ ಯಾರೂ ಇಲ್ಲ. ಅಪ್ಪ ಸುಳ್ಳು ಹೇಳಿದ್ದು. ಇವತ್ತು ಮೇಲಿಂದ ಕರೆದಿದ್ದು ನಾನೇ. ಇನ್ಮೇಲೆ ನಾನು ಕರೆದ್ರೆ ಓ ಅನ್ಬೇಕು. ಆಯ್ತಾ?”

ಮಿಡತೆ ಆಟ ನಿಲ್ಲಿಸಿ ಅವನನ್ನೇ ನೋಡಿದಳು. ಅಪ್ಪನಿಗೆ ಅರ್ಥವಾಗದ ಸಂಗತಿಯನ್ನು ತಿಳಿಸಿ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು.

“ಅವನೂ ಹಾಗೇ ಹೇಳ್ತಾನಲ್ಲಪ್ಪಾ.”

ಭಾನುವಾರ ಇಡೀ ದಿನ ಅವನು ಪ್ರಯತ್ನಪಟ್ಟ. ಅಡುಗೆಮನೆಯಿಂದ “ಮಿಡತೇ, ಊಟಕ್ಕೆ ಬಾ” ಎಂದು ಕರೆದ. ಹೋದ ವಾರವಾಗಿದ್ದರೆ ಕರೆ ಮುಗಿಯುವ ಮೊದಲೇ ಓಡಿ ಬಂದು ಕಾಲಿಗೆ ಡಿಕ್ಕಿ ಹೊಡೆಯುತ್ತಿದ್ದಳು. ಈಗ ಮನೆಯೆಲ್ಲ ಸ್ತಬ್ಧವಾಯಿತು. ಆಡುತ್ತಿದ್ದ ಸದ್ದೂ ನಿಂತಿತು. ಎಷ್ಟೋ ಹೊತ್ತಿಗೆ ಬರಿಗಾಲಿನ ಹೆಜ್ಜೆಗಳು ಮೆಲ್ಲಗೆ ಬಂದು ಬಾಗಿಲಾಚೆ ನಿಂತವು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಂಡಿತು. ಅವನು ಸೌಟು ಕೆಳಗಿಟ್ಟು, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನಿಂತ. ಮುಖ ನೋಡಿ ಖಾತ್ರಿಯಾದ ಮೇಲೆ ಅವಳು ಒಳಗೆ ಬಂದಳು. ಮಧ್ಯಾಹ್ನ ಬಾಲ್ಕನಿಯಲ್ಲಿ ನಗುವೂ ಇರಲಿಲ್ಲ. ಅವಳು ಸರಳುಗಳಿಂದ ದೂರ ಕೂತಿದ್ದಳು. ಅವನು ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು. ಸಿಕ್ಕಿದ್ದನ್ನು ನೋಡಲಾರದೆ ಅವನು ಒಳಗೆ ಹೋದ.

ಸಂಜೆ ಹೆಂಡತಿ ಹಾಳೆ ತಂದು ಮುಂದಿಟ್ಟಳು. “ನಾಳೆ ಕೊಡ್ಬೇಕು” ಎಂದಳು, ಅಷ್ಟೇ. ಅವನು ಪೆನ್ನು ತೆಗೆದುಕೊಂಡ. ‘ಕರೆದಾಗ ಬರುತ್ತದೆಯೇ?’ ಎಂಬಲ್ಲಿ ಯಾವಾಗಲೂ ಎಂದಿತ್ತು. ಅದನ್ನು ಹೊಡೆದುಹಾಕಿದ. ಬೇರೆ ಯಾವ ಚೌಕಕ್ಕೂ ಗುರುತು ಹಾಕಲು ಕೈ ಬರಲಿಲ್ಲ. ಬಿಟ್ಟು ಮುಂದೆ ಹೋದ. ಎಲ್ಲಕ್ಕಿಂತ ಕೆಳಗೆ ‘ತಂದೆಯ ಸಹಿ’ ಎಂದಿತ್ತು. ಅಲ್ಲಿಗೆ ಬರುವ ಹೊತ್ತಿಗೆ ಮಿಡತೆ ಬಂದು ಮೇಜಿನ ಅಂಚಿಗೆ ಗಲ್ಲವೂರಿ ನಿಂತಿದ್ದಳು.

“ಏನು ಬರೀತಿದೀಯಾ?”

“ನನ್ನ ಹೆಸರು.”

“ಯಾಕೆ?”

“ನಾನೇ ನಿನ್ನ ಅಪ್ಪ ಅಂತ ಟೀಚರ್‌ಗೆ ಗೊತ್ತಾಗ್ಬೇಕಲ್ಲ, ಅದಕ್ಕೆ.”

ಅವಳು ಹಾಳೆಯ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು. ಪಕ್ಕದ ಕುರ್ಚಿಯ ಮೇಲೆ ಹತ್ತಿ ನಿಂತು, ಮೂಗು ಮುಟ್ಟಿದಳು, ಗಲ್ಲದ ಗಾಯದ ಗುರುತಿನ ಮೇಲೆ ಬೆರಳು ಓಡಿಸಿದಳು. ಅವನು ದೀಪದ ಬೆಳಕಿಗೆ ಮುಖ ತಿರುಗಿಸಿ ಕೂತ.

“ಹೂಂ, ಬರಿ” ಎಂದಳು.